ಸಿಪ್ಪೆಯಿಂದ ಇಳಿಸಿದ್ದು ‘ಸಾರ’ವೋ ‘ಚೊಗರೋ’?

ಎಲ್ಲರಿಗೂ ನಮಸ್ಕಾರ.

ಕೋಳಿ, ಕುರಿ ಮಾಂಸದ ಅಂಗಡಿ ನಡೆಸುವವರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಮಾಂಸ ಬೇಗ ಕೆಡದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಅದರಲ್ಲಿ ದಾಳಿಂಬೆ ಸಿಪ್ಪೆಯ ಮಾತು ಬರುತ್ತದೆ. ಸಿಪ್ಪೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲ್‌ನಲ್ಲೋ ನೆನೆಸಿ, ಸೋಸಿ, ಗಟ್ಟಿ ಮಾಡಿ ಮಾಂಸಕ್ಕೆ ಬೆರೆಸುತ್ತಾರೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಇದನ್ನು ಕೋಳಿ ಮಾಂಸದ ತಿನಿಸುಗಳಿಗೆ ಬೆರೆಸಿ ನೋಡಿದ್ದರು. ತಣ್ಣಗಿಟ್ಟ ತಿನಿಸು 2ರಿಂದ 3 ವಾರ ಜಾಸ್ತಿ ಬಾಳಿಕೆ ಬಂತು ಅಂತ 2010ರಲ್ಲಿ ಪ್ರಕಟಿಸಿದರು. ವಿಷಯವೇನೋ ಸಲೀಸಾಗಿದೆ. ನಾನು ಸಿಕ್ಕಿಹಾಕಿಕೊಂಡಿರುವುದು ಹೀಗೆ ಇಳಿಸಿದ್ದಕ್ಕೆ ಇಂಗ್ಲಿಷಿನಲ್ಲಿರುವ ‘ಎಕ್ಸ್‌ಟ್ರಾಕ್ಟ್’ ಅನ್ನುವ ಒಂದು ಪದವನ್ನು ಕನ್ನಡದಲ್ಲಿ ಹೇಳುವುದರಲ್ಲಿ.

ಎಲ್ಲರೂ ‘ಸಾರ’ ಅಂತ ಬರೆಯುತ್ತಾರೆ. ನಾನೂ ಹಾಗೇ ಬರೆದು, ನಮ್ಮ ಬೀದಿಯ ಕೋಳಿ ಅಂಗಡಿಯವರಿಗೆ ಕರಡು ಓದಿ ಹೇಳಿದೆ. ‘ಸಿಪ್ಪೆಯ ಸಾರವನ್ನು ಮಾಂಸಕ್ಕೆ ಸವರಿ’ ಅನ್ನುವಲ್ಲಿ ಅವರು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು, ‘ಸಿಪ್ಪೆ ಹಾಕಿ ಸಾರು ಮಾಡ್ಬೇಕಾ ಅಣ್ಣಾ?’ ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ಓದಿದವರಿಗೆ ತಿಳಿಯುವ ಸಾರ ಅಂಗಡಿಯವರೆಗೆ ಹೋಗುವುದಿಲ್ಲ.

ಉಳಿದ ಪದಗಳನ್ನೂ ಇಟ್ಟು ನೋಡಿದೆ. ‘ರಸ’ ಅಂದರೆ ಹಸಿಯದನ್ನು ಹಿಂಡಿದ್ದು, ಒಣ ಸಿಪ್ಪೆಗೆ ಕೂಡುವುದಿಲ್ಲ. ‘ಅರ್ಕ’ ಭಟ್ಟಿ ಇಳಿಸಿದ್ದು. ‘ಸತ್ವ’ ಅಂದ ಕೂಡಲೇ ಅಮೃತಬಳ್ಳಿ ಸತ್ವ ನೆನಪಾಗುತ್ತದೆ, ಅದು ತಳದಲ್ಲಿ ನಿಲ್ಲುವ ಬಿಳಿ ಹಿಟ್ಟು. ‘ಕಷಾಯ’ ಹತ್ತಿರ ಬರುತ್ತದೆ, ಆದರೆ ಅದನ್ನು ಕುಡಿಯುತ್ತೇವೆ.

ಹೀಗಿರುವಾಗ ಮಲೆನಾಡಿನ ‘ಚೊಗರು’ ನೆನಪಾಯಿತು. ಹಸಿ ಅಡಿಕೆ ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು. ಅದನ್ನು ಗಟ್ಟಿ ಮಾಡಿ, ಮತ್ತೆ ಅಡಿಕೆಗೆ ಬಣ್ಣ ಹಿಡಿಸಲು ಬಳಸುತ್ತಾರೆ. ಬಟ್ಟೆಗೆ ಬಣ್ಣ ಕಟ್ಟಲೂ ಬರುತ್ತದೆ. ಅದರಲ್ಲಿರುವುದು ಟ್ಯಾನಿನ್, ಅಂದರೆ ಒಗರು ರುಚಿ ಕೊಡುವ, ಕಬ್ಬಿಣ ತಾಗಿದರೆ ಕಪ್ಪಾಗುವ ವಸ್ತು. ದಾಳಿಂಬೆ ಸಿಪ್ಪೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವುದರಲ್ಲೂ ಟ್ಯಾನಿನ್‌ನದೇ ದೊಡ್ಡ ಪಾಲು, ಪ್ಯುನಿಕಲಾಜಿನ್ ಅನ್ನುವುದು ಅದರಲ್ಲಿ ಮುಖ್ಯವಾದದ್ದು. ಮನೆಯಲ್ಲಿ ಒಣಸಿಪ್ಪೆಯ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ನೋಡಿದೆ. ನೀರು ಕಂದು ಹಳದಿಗೆ ತಿರುಗಿತು. ನಾಲಿಗೆಗೆ ಇಟ್ಟರೆ ನಾಲಿಗೆ ಜಗ್ಗಿದಂತಾಯಿತು. ಕಬ್ಬಿಣದ ಚಾಕು ಅದ್ದಿದರೆ ಸ್ವಲ್ಪ ಹೊತ್ತಿಗೆ ಕಪ್ಪಾಯಿತು. ಇದು ಚೊಗರಲ್ಲದೆ ಇನ್ನೇನು, ಅಲ್ವಾ?

ಇನ್ನೊಂದು ವಿಷಯ ಕಂಡು ತುಂಬ ಖುಷಿಯಾಯಿತು. ಸಂಸ್ಕೃತದ ಕಷಾಯಕ್ಕೆ ಒಗರು ರುಚಿ ಅನ್ನುವ ಅರ್ಥವೂ ಇದೆ, ಕುದಿಸಿ ಇಳಿಸಿದ ನೀರು ಅನ್ನುವ ಅರ್ಥವೂ ಇದೆ. ನಮ್ಮ ಚೊಗರಿಗೂ ಈ ಎರಡೂ ಅರ್ಥಗಳಿವೆ. ರುಚಿಯ ಹೆಸರೇ ಆ ನೀರಿನ ಹೆಸರೂ ಹೌದು.

ಆದರೆ ತೊಡಕು ಪೂರ್ತಿ ಬಿಡಿಸಿಕೊಂಡಿಲ್ಲ. ಹೊತ್ತಗೆಯಲ್ಲಿ ಕಿತ್ತಳೆ, ನಿಂಬೆ ಸಿಪ್ಪೆಯೂ ಬರುತ್ತವೆ. ಅವುಗಳ ಹೆಚ್ಚಿನ ಬಲ ಎಣ್ಣೆಯಲ್ಲಿದೆ. ಸಿಪ್ಪೆ ಮಡಿಸಿ ಹಿಚುಕಿದರೆ ಕಣ್ಣಿಗೆ ಸಿಡಿದು ಉರಿಯುತ್ತದಲ್ಲ, ಅದೇ ಎಣ್ಣೆ. ಅದನ್ನು ಚೊಗರು ಅಂದರೆ ಸುಳ್ಳಾಗುತ್ತದೆ. ಎಲ್ಲಕ್ಕೂ ಹೊಂದುವ ಪದಕ್ಕೆ ‘ಇಳಿ’ ಧಾತು ಸಿಗಬಹುದೇನೋ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುತ್ತದೆ ಅಂತ ದಿನಾ ಅನ್ನುತ್ತೇವೆ. ‘ಸಿಪ್ಪೆಯಿಂದ ಇಳಿಸಿದ ದ್ರವ’ ಅಂದರೆ ಯಾರಿಗಾದರೂ ತಿಳಿಯುತ್ತದೆ, ಆದರೆ ಉದ್ದವಾಯಿತು.

ಬ್ಯಾಕ್ಟೀರಿಯಾ ಅನ್ನುವುದನ್ನು ಹಾಗೇ ಇಟ್ಟುಕೊಂಡಿದ್ದೇನೆ, ಎಲ್ಲರಿಗೂ ಗೊತ್ತಿರುವ ಪದ. ಅದರ ಜೊತೆಗಿನ ಕ್ರಿಯಾಪದದ ಬಗ್ಗೆ ಮಾತ್ರ ನನಗೆ ಹಟವಿದೆ. ‘ರೋಗಾಣುನಾಶಕ’, ‘ಕೊಲ್ಲುತ್ತದೆ’ ಅಂತ ಬರೆಯಬಾರದು. ಮುಂಬೈಯ ಅದೇ ಪ್ರಯೋಗದಲ್ಲಿ ದಾಳಿಂಬೆ ಸಿಪ್ಪೆ ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ ಚೆನ್ನಾಗಿ ನಡೆಯಿತು, ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಗಳ ಮೇಲೆ ನಡೆಯಲಿಲ್ಲ. ‘ನಾಶಕ’ ಅಂತ ಓದಿದವರು ಫ್ರಿಜ್ ಯಾಕೆ ಬೇಕು ಅಂದುಕೊಂಡರೆ ತಿನ್ನುವವರಿಗೆ ಅಪಾಯ. ‘ಬೆಳೆಯದಂತೆ ತಡೆಯುತ್ತದೆ’ ಅಥವಾ ‘ಹತೋಟಿಯಲ್ಲಿಡುತ್ತದೆ’ ಅನ್ನುವುದೇ ವಾಸಿ.

ಇನ್ನು ಕೆಡುವುದಕ್ಕೆ. ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ಹಿಟ್ಟು ಮುಗ್ಗುತ್ತದೆ. ಹಸಿ ಮಾಂಸಕ್ಕೆ ನಮ್ಮ ಕಡೆ ‘ಲೋಳೆ ಬಿಟ್ಟಿದೆ’ ಅನ್ನುತ್ತಾರೆ. ಅದು ಬ್ಯಾಕ್ಟೀರಿಯಾ ಕೆಲಸ. ಕೊಬ್ಬು ಗಾಳಿಗೆ ಕೆಟ್ಟು ಬರುವ ವಾಸನೆ ಬೇರೆ, ಅದಕ್ಕೆ ‘ಕಮಟು’ ಹೊಂದುತ್ತದೆ. ಸಿಪ್ಪೆ ಎರಡನ್ನೂ ತಡಮಾಡುತ್ತದೆ, ಆದ್ದರಿಂದ ಎರಡಕ್ಕೂ ಬೇರೆಬೇರೆ ಪದ ಬೇಕೇ ಬೇಕು.

ಬಲ್ಲವರು ತಿಳಿಸಿ: ಅಡಿಕೆ ಬಿಟ್ಟು ಬೇರೆ ಸಿಪ್ಪೆ, ತೊಗಟೆ, ಕಾಯಿಯ ನೀರಿಗೆ ಚೊಗರು ಅನ್ನುವುದನ್ನು ಯಾವ ಊರಿನಲ್ಲಿ ಕೇಳಿದ್ದೀರಿ? ಬಯಲುಸೀಮೆಯವರಿಗೆ ಈ ಪದ ಓದಿದ ಕೂಡಲೇ ತಿಳಿಯುತ್ತದೆಯೇ? ಕರಾವಳಿಯಲ್ಲಿ ಮೀನು ಮಾರುವವರು ಕಮಟಿಗೂ ಲೋಳೆಗೂ ಏನು ಹೇಳುತ್ತಾರೆ? ಮನೆಯಲ್ಲಿ ದಾಳಿಂಬೆ ಸಿಪ್ಪೆ ತಂಬುಳಿ ಮಾಡುವವರು ಆ ನೆನೆಸಿದ ನೀರಿಗೆ ಏನಾದರೂ ಹೆಸರಿದ್ದರೆ ದಯವಿಟ್ಟು ಬರೆಯಿರಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.