ಜಾಯಿಕಾಯಿ ಕುಡಿದ ಸಂಸತ್ತು

"ತೆಂಗಿನಮರ ಹತ್ತಿ ಪತ್ರಿಕಾಗೋಷ್ಠಿ ಮಾಡಿದ ಮಂತ್ರಿಯನ್ನು ಕಂಡಿದ್ದೀರಾ ಗೌಡ್ರೇ?" ಅಂತ ಶೆಟ್ಟರು ಕೇಳಿದ್ದೇ ತಡ, ತಿಪಟೂರಿನ ಗೌಡ್ರು ಕಾಫಿ ಲೋಟ ಕೆಳಗಿಟ್ಟರು. ತೆಂಗಿನ ಮಾತು ಬಂದರೆ ಅವರು ಜೊತೆಗೆ ಇನ್ನೊಂದು ಕೆಲಸ ಮಾಡುವುದಿಲ್ಲ.

"ಹತ್ತಿದ್ದು ಯಾಕೆ? ಕಾಯಿ ಕೀಳೋಕಾ?"

"ಕಾಯಿ ಯಾಕೆ ಸಿಗ್ತಿಲ್ಲ ಅಂತ ಹೇಳೋಕೆ."

ಶೆಟ್ಟರದ್ದು ಟ್ರಾವೆಲ್ ಏಜೆನ್ಸಿ. ಕೊಲಂಬೊ, ಕ್ಯಾಂಡಿ, ಗಾಲೆ ಅಂತ ಪ್ಯಾಕೇಜ್ ಮಾಡಿ ಜನರನ್ನು ಕಳಿಸುವುದು ಅವರ ಕಸುಬು. ಹಾಗಾಗಿ ಕೊರೊನಾ ಕಾಲದ ಶ್ರೀಲಂಕಾದ ಕಥೆಗಳು ಅವರ ಹತ್ತಿರ ಮೂಟೆಗಟ್ಟಲೆ ಇವೆ. ಇದು 2020ರ ಸೆಪ್ಟೆಂಬರ್‌ನದ್ದು. ದಂಕೊಟುವ ಅನ್ನುವ ಊರಿನಲ್ಲಿ ಅರುಂದಿಕ ಫರ್ನಾಂಡೊ ಅನ್ನುವ ರಾಜ್ಯ ಸಚಿವರು ಮರ ಹತ್ತಿ ಕೂತು, ಕೆಳಗೆ ನಿಂತ ವರದಿಗಾರರಿಗೆ ತೆಂಗಿನಕಾಯಿ ಅಭಾವದ ಬಗ್ಗೆ ವಿವರಿಸಿದರು. ಅವರ ಖಾತೆ ತೆಂಗು, ಬೈನೆ, ತಾಳೆ ಮತ್ತು ರಬ್ಬರ್.

"ತೆಂಗಿಗೇ ಒಬ್ಬ ಮಂತ್ರಿಯಾ!" ಗೌಡ್ರ ಮುಖದಲ್ಲಿ ಹೊಟ್ಟೆಕಿಚ್ಚು ಕಾಣಿಸಿತು. "ನಮ್ಮಲ್ಲಿ ನುಸಿ ಬಂದಾಗ ಮರದ ಬುಡಕ್ಕೂ ಯಾರೂ ಬರಲಿಲ್ಲ. ಅಲ್ಲಿ ತುದಿಗೇ ಹತ್ತಿದ್ದಾರೆ. ಅದರಲ್ಲಿ ತಪ್ಪೇನು?"

"ತಪ್ಪಿಲ್ಲ. ಅದಾಗಿ ಎರಡು ತಿಂಗಳಿಗೆ ಮೀನಿನ ಸರದಿ ಬಂತು. ಪೇಲಿಯಗೊಡ ಮೀನು ಮಾರುಕಟ್ಟೆಯಲ್ಲಿ ಕೊರೊನಾ ಹಬ್ಬಿತು. ಜನ ಮೀನು ತಿನ್ನೋದನ್ನೇ ಬಿಟ್ಟರು. ಆಗ ಮಾಜಿ ಮೀನುಗಾರಿಕೆ ಮಂತ್ರಿ ದಿಲೀಪ್ ವೆದಆರಚ್ಚಿ ಪತ್ರಿಕಾಗೋಷ್ಠಿಗೆ ಒಂದು ಮೀನು ಹಿಡಿದುಕೊಂಡೇ ಬಂದರು. ಕ್ಯಾಮೆರಾ ಮುಂದೆ ಹಸಿ ಮೀನು ಕಚ್ಚಿದರು. ನೋಡಿ, ಏನೂ ಆಗಲ್ಲ, ನೀವೂ ತಿನ್ನಿ ಅಂತ."

"ಹಸಿಯಾಗಿ?"

"ಉಪ್ಪಿಲ್ಲ, ಹುಳಿಯಿಲ್ಲ, ಒಂದು ಚಮಚ ಮಸಾಲೆಯಿಲ್ಲ!" ಕುಂದಾಪುರದ ಶೆಟ್ಟರಿಗೆ ಕೊರೊನಾಗಿಂತ ಇದೇ ಜಾಸ್ತಿ ಬೇಜಾರಾದ ಹಾಗಿತ್ತು. "ಅವರು ವಿರೋಧ ಪಕ್ಷದವರು, ಅದನ್ನೂ ಹೇಳಬೇಕು. ನಾಟಕದ ಮಟ್ಟಿಗೆ ಅಲ್ಲಿ ಪಕ್ಷಭೇದ ಇರಲಿಲ್ಲ."

ಇಷ್ಟು ಹೊತ್ತು ಸುಮ್ಮನಿದ್ದ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. ಹೀಗೆ ಸರಿ ಮಾಡಿಕೊಂಡರೆ ಎದುರು ವಾದ ಬರುತ್ತದೆ ಅಂತ ಅರ್ಥ. "ಪಾಪ, ಶುರುವಿನಲ್ಲಿ ಅಲ್ಲಿನ ಸರ್ಕಾರದವರು ಚೆನ್ನಾಗಿಯೇ ಮಾಡಿದರಲ್ಲ ಶೆಟ್ಟರೇ. 2020ರ ಮಾರ್ಚ್‌ನಲ್ಲೇ ವಿಮಾನ ನಿಲ್ಲಿಸಿದರು, ಕರ್ಫ್ಯೂ ಹಾಕಿದರು. ಅಕ್ಟೋಬರ್ ಶುರುವಾಗುವ ತನಕ ಇಡೀ ದೇಶದಲ್ಲಿ ಸತ್ತವರು ಕೇವಲ 13 ಮಂದಿ."

ಮೇಷ್ಟ್ರ ಲೆಕ್ಕ ಸರಿಯೇ. ತೊಂದರೆ ಏನೆಂದರೆ, ದ್ವೀಪಕ್ಕೆ ಇರುವುದು ಒಂದೇ ಬಾಗಿಲು, ಅದೇ ಅಂಗಡಿ ಬಾಗಿಲೂ ಹೌದು. ಹಾಕಿದರೆ ವ್ಯಾಪಾರವಿಲ್ಲ, ತೆಗೆದರೆ ರೋಗ ಗಿರಾಕಿಯ ಜೊತೆಗೇ ಒಳಗೆ ಬರುತ್ತದೆ. 2018ರಲ್ಲಿ ಶ್ರೀಲಂಕಾಕ್ಕೆ 23 ಲಕ್ಷ ಪ್ರವಾಸಿಗರು ಬಂದಿದ್ದರು. ಸುಮಾರು 440 ಕೋಟಿ ಡಾಲರ್ ಆದಾಯ. 2019ರ ಈಸ್ಟರ್ ದಿನ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು ಆ ವರ್ಷ ಹಾಳಾಯಿತು. ಹೇಗೋ ಚೇತರಿಸಿಕೊಳ್ಳುವಾಗ ಕೊರೊನಾ. 2020ರಲ್ಲಿ ಬಂದವರು 5 ಲಕ್ಷ, ಅದೂ ಬಹುಪಾಲು ಬಾಗಿಲು ಹಾಕುವ ಮೊದಲು. 2021ರಲ್ಲಿ 2 ಲಕ್ಷವೂ ಇಲ್ಲ. ನೆಗೊಂಬೊದಲ್ಲಿ ಶೆಟ್ಟರ ಪ್ಯಾಕೇಜಿಗೆ ವ್ಯಾನ್ ಓಡಿಸುತ್ತಿದ್ದವನು ದಿನಾ ಬೆಳಿಗ್ಗೆ ವ್ಯಾನ್ ತೊಳೆದು, ಸಂಜೆ ಮತ್ತೆ ತೊಳೆಯುತ್ತಿದ್ದನಂತೆ. ನಡುವೆ ಎಲ್ಲೂ ಹೋಗಿರುತ್ತಿರಲಿಲ್ಲ. ಕಂತು ಮಾತ್ರ ತಪ್ಪದೆ ಬರುತ್ತಿತ್ತು.

"ಸರಿ, ಅಕ್ಟೋಬರ್ ಆದ ಮೇಲೆ?" ಅಂದೆ ನಾನು.

"ಮಿನುವಂಗೊಡದ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಎರಡನೇ ಅಲೆ ಎದ್ದಿತು. ಕೊರೊನಾ ತಡೆಯುವ ಪಡೆಗೆ ಮುಖ್ಯಸ್ಥರು ಯಾರು ಗೊತ್ತಾ? ಸೇನಾ ದಂಡನಾಯಕರು, ಶವೇಂದ್ರ ಸಿಲ್ವಾ."

"ವೈರಸ್ಸು ಗಡಿ ದಾಟಿ ಬಂದಿತ್ತಲ್ಲ, ಅದಕ್ಕೇ ಇರಬೇಕು," ಅಂದರು ಗೌಡ್ರು.

"ದಂಡನಾಯಕರು ದಂಡು ಇಟ್ಟುಕೊಂಡು ಕೂತರು. ಆರೋಗ್ಯ ಮಂತ್ರಿ ಪವಿತ್ರಾ ವನ್ನಿಆರಚ್ಚಿ ಮಡಕೆ ಹಿಡಿದುಕೊಂಡು ಹೊಳೆಗೆ ಹೋದರು. ಮಂತ್ರಿಸಿದ ನೀರಿನ ಮಡಕೆ. ಹೊಳೆಗೆ ಹಾಕಿದರೆ ರೋಗ ಹೋಗುತ್ತದೆ ಅಂತ. ಮಡಕೆ ಕೊಟ್ಟವರು ಎಲಿಯಂತ ವೈಟ್."

"ಈ ಹೆಸರು ಕೇಳಿದ ಹಾಗಿದೆಯಲ್ಲ," ಅಂದರು ಮೇಷ್ಟ್ರು.

"ಕೇಳಿರ್ತೀರಿ. ಹಿಂದೊಮ್ಮೆ ಸಚಿನ್ ತೆಂಡೂಲ್ಕರ್‌ಗೂ ಚಿಕಿತ್ಸೆ ಕೊಟ್ಟಿದ್ದವರು. ಮುಂದೆ 2021ರ ಸೆಪ್ಟೆಂಬರ್‌ನಲ್ಲಿ ಪಾಪ, ಅವರು ಕೊರೊನಾದಿಂದಲೇ ತೀರಿಕೊಂಡರು."

ಮಡಕೆಯಿಂದ ಆಗಲಿಲ್ಲ, ಪಾನಕ ಬಂತು. ಡಿಸೆಂಬರ್‌ನಲ್ಲಿ ಕೇಗಾಲೆ ಕಡೆಯ ಧಮ್ಮಿಕ ಬಂಡಾರ ಅನ್ನುವವರು, ಕಾಳಿಯೇ ತನಗೆ ಮದ್ದು ಹೇಳಿಕೊಟ್ಟಳು ಅಂದರು. ಜೇನು, ಜಾಯಿಕಾಯಿ ಸೇರಿಸಿದ ಪಾನಕ. ಒಮ್ಮೆ ಕುಡಿದರೆ ಜೀವಮಾನವಿಡೀ ರಕ್ಷಣೆ. ಅಂತರ ಕಾಯ್ದುಕೊಳ್ಳಿ ಅಂತ ಸರ್ಕಾರ ಹೇಳುತ್ತಿದ್ದ ಅದೇ ದಿನಗಳಲ್ಲಿ ಆ ಹಳ್ಳಿಯಲ್ಲಿ ಸಾವಿರಾರು ಜನ ಒಬ್ಬರ ಮೇಲೊಬ್ಬರು ಬಿದ್ದು ಸಾಲು ನಿಂತರು. ಬಾಟಲಿ ಸಂಸತ್ತಿಗೂ ಹೋಯಿತು. ಸಂಸದರು ಕುಡಿದರು, ಆರೋಗ್ಯ ಮಂತ್ರಿ ಎಲ್ಲರೆದುರು ಕುಡಿದರು.

ಗೌಡ್ರು ಬಹಳ ಹೊತ್ತು ಯೋಚಿಸಿದರು. "ನಮ್ಮಲ್ಲಿ ಹಸುಗೂಸಿಗೆ ಜಾಯಿಕಾಯಿ ತೇದು ನೆಕ್ಕಿಸ್ತಾರೆ, ನಿದ್ದೆ ಮಾಡಲಿ ಅಂತ. ಇಡೀ ಸಂಸತ್ತಿಗೆ ಕುಡಿಸಿದರೆ ಇನ್ನೇನಾಗುತ್ತೆ?"

"ಜನವರಿಯಲ್ಲಿ ಆರೋಗ್ಯ ಮಂತ್ರಿಗೇ ಕೊರೊನಾ ಪಾಸಿಟಿವ್ ಬಂತು," ಅಂದರು ಶೆಟ್ಟರು.

"ನಗಬೇಡಿ," ಅಂದರು ಮೇಷ್ಟ್ರು. "ನಾವು ತಟ್ಟೆ ಬಡಿದವರು."

ಅದೂ ನಿಜ. ಗೌಡ್ರಂತೂ ಆವತ್ತು ಕಂಚಿನ ತಟ್ಟೆಯನ್ನೇ ಬಡಿದು ಮನೆಯವರ ಕೈಲಿ ಬೈಸಿಕೊಂಡಿದ್ದರು. ಅವರು ವಿಷಯ ಬದಲಿಸಿದರು. "ಬಾಗಿಲು ಮತ್ತೆ ತೆಗೆದದ್ದು ಯಾವಾಗ ಶೆಟ್ಟರೇ?"

ಇದಕ್ಕೇ ಕಾಯುತ್ತಿದ್ದ ಹಾಗೆ ಶೆಟ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮರ, ಮೀನು, ಮಡಕೆಗೆಲ್ಲ ಅವರ ವ್ಯಾನ್‌ನವನು ನಕ್ಕಿದ್ದನಂತೆ. ಅವನಿಗೆ ಮೈ ಉರಿದದ್ದು ಇಲ್ಲಿ. ವಿಮಾನ ನಿಲ್ದಾಣ ಎಲ್ಲರಿಗೂ ತೆರೆದದ್ದು 2021ರ ಜನವರಿ 21ಕ್ಕೆ. ಅದಕ್ಕೂ ಮೊದಲು, ಡಿಸೆಂಬರ್ 28ಕ್ಕೆ, ಉಕ್ರೇನ್‌ನಿಂದ ಒಂದು ವಿಮಾನ ತುಂಬ ಪ್ರವಾಸಿಗರು ಮತ್ತಲ ನಿಲ್ದಾಣದಲ್ಲಿ ಇಳಿದರು. ಇದನ್ನು ಏರ್ಪಾಡು ಮಾಡಿದವರು ಉದಯಂಗ ವೀರತುಂಗ. ರಷ್ಯಾದಲ್ಲಿ ರಾಯಭಾರಿ ಆಗಿದ್ದವರು, ಆಗ ದೇಶ ಆಳುತ್ತಿದ್ದ ರಾಜಪಕ್ಸ ಮನೆತನದ ನೆಂಟರು.

"ಮತ್ತಲ ಅಂದರೆ ಯಾವುದು?"

"ಹಂಬಂತೋಟ ಜಿಲ್ಲೆ. ರಾಜಪಕ್ಸರ ಊರು, ರಾಜಪಕ್ಸರ ಹೆಸರಿನದೇ ನಿಲ್ದಾಣ. 2013ರಲ್ಲಿ ಕಟ್ಟಿಸಿದರು. ವಿಮಾನಗಳು ಬರಲಿಲ್ಲ, ಪಕ್ಷಿಗಳು ಬಂದವು. ಒಂದು ಸಲ ಅದರ ಸರಕಿನ ಕಟ್ಟಡದಲ್ಲಿ ಭತ್ತ ತುಂಬಿಸಿ ಇಟ್ಟಿದ್ದರು."

"ಭತ್ತಕ್ಕೆ ಒಳ್ಳೆ ಜಾಗವೇ," ಅಂದರು ಗೌಡ್ರು. "ಕಾರ್ಪೆಟ್ ಇರುತ್ತೆ."

ಬಂದವರು 'ಬಯೋ ಬಬಲ್' ಒಳಗೇ ಇರುತ್ತಾರೆ, ಊರಿನವರ ಜೊತೆ ಬೆರೆಯುವುದಿಲ್ಲ ಅಂತ ಸರ್ಕಾರದ ಮಾತು. ಆ ಗುಂಪಿನಲ್ಲಿ ಕೆಲವರಿಗೆ ಸೋಂಕು ಇತ್ತು. ಅವರ ಜೀಪುಗಳು ಯಾಲ ಕಾಡಿಗೂ ಹೋದವು. ಅದೇ ಹೊತ್ತಿಗೆ ಊರಿನ ಜನಕ್ಕೆ ಶಾಲೆ ಇಲ್ಲ, ಎಷ್ಟೋ ಬೀದಿಗಳು ಸೀಲ್‌ಡೌನ್. "ಚಿರತೆ ನೋಡೋಕೆ ಹೊರಗಿನವರಿಗೆ ಬಿಡ್ತಾರೆ, ಅಮ್ಮನ್ನ ನೋಡೋಕೆ ನಮಗೆ ಬಿಡಲ್ಲ ಅಂತ ಅವನು ಫೋನಿನಲ್ಲಿ ಅಂದ," ಎಂದರು ಶೆಟ್ಟರು. "ಪ್ರವಾಸಿಗರು ಬರಲಿ ಅಂತ ಹರಕೆ ಹೊತ್ತವನು ಹೇಳಿದ ಮಾತು ಇದು."

ನನಗೆ ಕ್ರಿಕೆಟ್ ನೆನಪಾಯಿತು. ಇಂಗ್ಲೆಂಡಿನ ಒಬ್ಬ ಅಭಿಮಾನಿ 2020ರ ಮಾರ್ಚ್‌ನಲ್ಲಿ ಟೆಸ್ಟ್ ನೋಡಲು ಬಂದಿದ್ದ. ಸರಣಿ ರದ್ದಾಯಿತು. ಅವನು ವಾಪಸ್ ಹೋಗದೆ ಹತ್ತು ತಿಂಗಳು ಅಲ್ಲೇ ಕಾದ. ಕೊನೆಗೆ ಪಂದ್ಯ ನಡೆದಾಗ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಗಾಲೆ ಕೋಟೆಯ ಮೇಲೆ ಹತ್ತಿ ನಿಂತು ನೋಡಿದರೆ ಪೊಲೀಸರು ಕೆಳಗಿಳಿಸಿದರು.

"ಅವನಿಗೆ ತೆಂಗಿನಮರ ಹತ್ತು ಅಂತ ಯಾರಾದರೂ ಹೇಳಬಾರದಿತ್ತಾ," ಅಂದರು ಗೌಡ್ರು.

ಮೇಷ್ಟ್ರು ನಗಲಿಲ್ಲ. ಅವರ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. "ಹೆಣ ಸುಡಿಸಿದ್ದನ್ನು ಮಾತ್ರ ನಾನು ಸಮರ್ಥಿಸಲ್ಲ," ಅಂದರು.

ಕೊರೊನಾದಿಂದ ಸತ್ತವರನ್ನು ಸುಡಲೇಬೇಕು ಅಂತ ಶ್ರೀಲಂಕಾ ಸರ್ಕಾರ ಸುಮಾರು ಒಂದು ವರ್ಷ ಹಟ ಹಿಡಿಯಿತು. ಹೂತರೆ ಅಂತರ್ಜಲ ಕೆಡುತ್ತದಂತೆ. ಹೂಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಹೂಳುವುದೇ ಧರ್ಮವಾಗಿರುವ ಮುಸ್ಲಿಮರ 20 ದಿನದ ಕೂಸನ್ನೂ ಡಿಸೆಂಬರ್‌ನಲ್ಲಿ ಸುಟ್ಟರು. ಕೊಲಂಬೊದ ಬೊರೆಲ್ಲ ಸ್ಮಶಾನದ ಬೇಲಿಗೆ ಜನ ಬಿಳಿ ಬಟ್ಟೆಯ ತುಂಡು ಕಟ್ಟಿ ಬಂದರು, ಎಲ್ಲ ಧರ್ಮದವರೂ. ಮುಂದೆ 2021ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಪ್ರಧಾನಿ ಇಮ್ರಾನ್ ಖಾನ್ ಬಂದು ಹೋದರು. ಅದೇ ವಾರ ಹೂಳಲು ಅನುಮತಿ ಸಿಕ್ಕಿತು. ಒಂದು ವಾರದಲ್ಲಿ ಅಂತರ್ಜಲಕ್ಕೆ ಏನು ಬದಲಾವಣೆ ಆಯಿತೋ ಯಾರೂ ಹೇಳಲಿಲ್ಲ.

"ಲಸಿಕೆ ಮಾತ್ರ ಬೇಗ ಹಾಕಿದರು," ಅಂದರು ಮೇಷ್ಟ್ರು, ತಕ್ಕಡಿ ಸಮ ಮಾಡಲು.

"ಹಾಕಿದರು. ಮೊದಲ 5 ಲಕ್ಷ ಡೋಸ್ ನಾವೇ ಕೊಟ್ಟಿದ್ದು. ಆದರೆ ಆಗಸ್ಟ್ ಕಥೆ ಕೇಳಿ. ಡೆಲ್ಟಾ ಬಂದು ದಿನಕ್ಕೆ ನೂರಕ್ಕೂ ಜಾಸ್ತಿ ಸಾವು. ಬಂದ್ ಮಾಡಿ ಅಂತ ವೈದ್ಯರು ಗೋಗರೆದರು. ಸರ್ಕಾರ ಬಂದ್ ಮಾಡಲಿಲ್ಲ, ಮಂತ್ರಿಯನ್ನು ಬದಲಾಯಿಸಿತು. ಆಗಸ್ಟ್ 16ಕ್ಕೆ ಪವಿತ್ರಾ ಅವರಿಗೆ ಸಾರಿಗೆ ಖಾತೆ ಕೊಟ್ಟರು. 20ಕ್ಕೆ ಲಾಕ್‌ಡೌನ್."

"ಅಂದರೆ ಸಾರಿಗೆ ಕೈಗೆ ಬಂದು ನಾಲ್ಕು ದಿನಕ್ಕೆ ಬಸ್ಸೇ ನಿಂತಿತಾ?" ಗೌಡ್ರು ತಲೆದೂಗಿದರು. "ಕೈಗುಣ."

ಅಷ್ಟರಲ್ಲಿ ಡಾಲರ್ ಮುಗಿಯುತ್ತಾ ಬಂದಿತ್ತು. ಕೊರೊನಾವೊಂದೇ ಕಾರಣವಲ್ಲ. 2019ರ ಕೊನೆಯಲ್ಲೇ ತೆರಿಗೆ ಕಡಿಮೆ ಮಾಡಿ ಬೊಕ್ಕಸ ಬರಿದು ಮಾಡಿಕೊಂಡಿದ್ದರು, ವ್ಯಾಟ್ ಶೇ. 15ರಿಂದ 8ಕ್ಕೆ. 2021ರಲ್ಲಿ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ ದೇಶವೇ ಸಾವಯವ ಅಂದರು. ಇದರ ಮೇಲೆ ಗೌಡ್ರು ಮಾಡಿದ ಭಾಷಣವನ್ನು ಇಲ್ಲಿ ಬರೆಯಲಾರೆ, ಅದರಲ್ಲಿ ಬೈಗುಳವೇ ಜಾಸ್ತಿ. ಆಗ ಅಧ್ಯಕ್ಷರು ಗೊಟಬಯ ರಾಜಪಕ್ಸ, ಪ್ರಧಾನಿ ಅಣ್ಣ ಮಹಿಂದ, ಹಣಕಾಸು ತಮ್ಮ ಬಸಿಲ್, ನೀರಾವರಿ ದೊಡ್ಡಣ್ಣ ಚಮಲ್, ಕ್ರೀಡೆ ಮಹಿಂದರ ಮಗ ನಮಲ್.

"ಸಂಪುಟ ಸಭೆಗೆ ಬೇರೆ ಊಟದ ಖರ್ಚಿಲ್ಲ," ಅಂದರು ಮೇಷ್ಟ್ರು. ಇಷ್ಟು ಹೊತ್ತಿಗೆ ಅವರೂ ನಮ್ಮ ಕಡೆ ಬಂದಿದ್ದರು.

2022ರ ಏಪ್ರಿಲ್‌ನಲ್ಲಿ ಸಾಲ ಕಟ್ಟಲಾಗದು ಅಂತ ದೇಶ ಕೈಚೆಲ್ಲಿತು. ಜುಲೈ 9ಕ್ಕೆ ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿ ಈಜುಕೊಳಕ್ಕೆ ಹಾರಿದರು. 13ಕ್ಕೆ ಅಧ್ಯಕ್ಷರು ವಾಯುಸೇನೆಯ ವಿಮಾನ ಹತ್ತಿದರು.

"ಎಲ್ಲಿಗೆ ಹೋದರು?" ಅಂದರು ಗೌಡ್ರು.

"ಮಾಲ್ಡೀವ್ಸ್."

"ಪ್ರವಾಸೋದ್ಯಮಕ್ಕೆ ಅಷ್ಟಾದರೂ ಮಾಡಿದರಲ್ಲ!"

"ಅದು ಬೇರೆ ದೇಶದ ಪ್ರವಾಸೋದ್ಯಮ ಕಣ್ರೀ," ಅಂದ ಶೆಟ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಲ್ಲಿಂದ ಸಿಂಗಾಪುರ. ರಾಜೀನಾಮೆ ಅಲ್ಲಿಂದ ಇಮೇಲ್‌ನಲ್ಲಿ. ಆಮೇಲೆ ಥಾಯ್ಲೆಂಡ್. ಸೆಪ್ಟೆಂಬರ್ 2ಕ್ಕೆ ಮನೆಗೆ. ಮೂರು ದೇಶ, ಏಳು ವಾರ. ನಾನು ಇಂಥ ಪ್ಯಾಕೇಜ್ ಇವತ್ತಿನವರೆಗೂ ಮಾರಿಲ್ಲ."

"ಬ್ಯಾಂಕಾಕ್ ಎಲ್ಲ ಸುತ್ತಿರಬೇಕು."

"ಎಲ್ಲಿ! ಭದ್ರತೆ ಕಷ್ಟ, ಹೋಟೆಲ್ ಬಿಟ್ಟು ಹೊರಗೆ ಬರಬೇಡಿ ಅಂತ ಅಲ್ಲಿನ ಪೊಲೀಸರು ಹೇಳಿದ್ದರು ಅಂತ ಪತ್ರಿಕೆಯಲ್ಲಿ ಬಂದಿತ್ತು."

ಗೌಡ್ರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. "ಹಾಗಾದರೆ ಬಯೋ ಬಬಲ್ ಒಳಗೇ ಇದ್ದರು ಅನ್ನಿ."