ಅಪ್‌ಡೇಟ್: ಎಡಚಕ್ರದ ಗರಗರ ಸದ್ದು ನಿಂತಿತು
ಹೋದ ತಿಂಗಳು ಕೇಳಿದ್ದೆ ಅಲ್ವಾ, ಯಲಹಂಕದ ಶೆಡ್‌ನಲ್ಲಿ ನಾನೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನದ ಎಡಚಕ್ರ ಗರಗರ ಅನ್ನುತ್ತದೆ, ಬರೀ ಗ್ರೀಸ್ ಹಾಕಿದರೆ ಸಾಕಾ ಅಂತ. ಸಾಕಾಗಲಿಲ್ಲ. ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ರೋಲರ್‌ಗಳು ಚೆನ್ನಾಗೇ ಇದ್ದವು. ಆದರೆ ಕಪ್ (ಬೇರಿಂಗ್‌ನ ಹೊರಬಳೆ) ಒಳಗೆ ಉಗುರಿಗೆ ಸಿಗುವಂಥ ತುಕ್ಕಿನ ಗೆರೆಗಳು, ಸರಿಯಾಗಿ ರೋಲರ್‌ಗಳಷ್ಟೇ ಅಂತರದಲ್ಲಿ! ಮಳೆಗಾಲವಿಡೀ ನಿಂತಲ್ಲೇ ನಿಂತಿತ್ತು, ನೀರು ಒಳಗೆ ಹೋಗದಂತೆ ತಡೆಯುವ ಫೆಲ್ಟ್ ಸೀಲ್ ಬೇರೆ ಹಾಳಾಗಿತ್ತು.

ಜೆಸಿ ರೋಡ್‌ನ ಒಂದು ಅಂಗಡಿಯಲ್ಲಿ "32 ಎಂಎಂ ಬೇರಿಂಗ್ ಹಾಕಿ ಸಾರ್, ನಡೆಯುತ್ತೆ" ಅಂದರು. ನನ್ನ ಆಕ್ಸಲ್ ಒಂದೂಕಾಲು ಇಂಚು, ಅಂದರೆ 31.75 ಎಂಎಂ. ಸ್ಕೂಟರ್‌ಗೂ ನಾನು ಅಷ್ಟು ಸಡಿಲ ಬಿಡುವುದಿಲ್ಲ. ಕೋನ್ (ಒಳಬಳೆ) ಮೇಲಿನ ನಂಬರ್ ಹೇಳಿ ಇಂಚಿನದ್ದನ್ನೇ ತರಿಸಿದೆ, ಕಪ್ ಸಮೇತ. ಹಳೇ ಗ್ರೀಸ್ ಪೂರ್ತಿ ಒರೆಸಿದೆ, ಬೇರೆ ಜಾತಿಯದ್ದು ಬೆರೆತರೆ ನೀರಾಗಬಹುದು. ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿದು, ಅದು ಕಳಚದಂತೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಬಲಚಕ್ರ ಭಾನುವಾರ ಬಿಚ್ಚುತ್ತೇನೆ.