ಕಾರವಾರದಿಂದ ಹ್ಯಾಮ್ ರೇಡಿಯೊ: ಹೊಸಬರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಕಾರವಾರ):
ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ಎರಡು ದಿನ ಕರೆಂಟೂ ಇಲ್ಲದೆ, ಮೊಬೈಲ್ ಸಿಗ್ನಲ್ಲೂ ಇಲ್ಲದೆ ಕುಳಿತಾಗ ಹ್ಯಾಮ್ ರೇಡಿಯೊ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು ತಮ್ಮದೇ ರೇಡಿಯೊದಲ್ಲಿ ಪರಸ್ಪರ ಮಾತನಾಡುವುದನ್ನು, ಕಲಿಯಬೇಕೆಂಬ ಆಸೆ ಹುಟ್ಟಿತು. ಶಿರಸಿಯಲ್ಲಿರುವ ಅಣ್ಣನೊಂದಿಗೆ ಮಾತನಾಡಲು ಮೊದಲು ಒಂದು ವಾಕಿಟಾಕಿ ಕೊಂಡು, ಪರೀಕ್ಷೆಯನ್ನು ನಿಧಾನವಾಗಿ ಬರೆದರಾದೀತೇ? ನಾನು ಓದಿದ್ದು ಬಿ.ಕಾಂ.; ಸರ್ಕ್ಯೂಟುಗಳ ಗಂಧವೂ ಇಲ್ಲ.

ಉತ್ತರ (ಶಿರಸಿ):
ಆಗದು; ಕ್ರಮ ತಿರುಗಾಮುರುಗಾ ಆಗಿದೆ. ಪರವಾನಗಿ ಇಲ್ಲದೆ ಪ್ರಸಾರದ ಗುಂಡಿ ಒತ್ತುವುದು ಅಪರಾಧ, ನೌಕಾನೆಲೆಯ ಮಗ್ಗುಲಲ್ಲೇ ಇರುವ ನಿಮ್ಮೂರಿನಲ್ಲಂತೂ ಆ ಸಾಹಸ ಬೇಡವೇ ಬೇಡ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಗೆ 12 ವರ್ಷ ತುಂಬಿದ ಯಾರು ಬೇಕಾದರೂ ಕೂರಬಹುದು. ಪರವಾನಗಿಯ ಎರಡು ದರ್ಜೆಗಳಲ್ಲಿ ಕೆಳಗಿನದಾದ ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ವ ಮತ್ತು ನಿಯಮಾವಳಿ ಎರಡನ್ನು ಓದಿಕೊಂಡರೆ ಸಾಕು. ಮೇಲಿನದಾದ ಜನರಲ್ ದರ್ಜೆಗೆ ಇವುಗಳ ಜೊತೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ (ಚುಕ್ಕಿ-ಗೆರೆಗಳ ಸಂಕೇತ) ಕೂಡ ಬರಬೇಕು. ಸರ್ಕ್ಯೂಟಿನ ಮೂಲ ಲೆಕ್ಕವಾದ ಓಮನ ನಿಯಮ ಬಿ.ಕಾಂ. ಓದಿದವರಿಗೆ ಬಡ್ಡಿ ಲೆಕ್ಕಕ್ಕಿಂತ ಕಷ್ಟವೇನಲ್ಲ. ನಿಮ್ಮ ಅಣ್ಣನೂ ಪರೀಕ್ಷೆ ಬರೆಯಬೇಕಾದೀತು ಎಂಬುದನ್ನು ಮರೆಯಬೇಡಿ.

ಇನ್ನು ವಾಕಿಟಾಕಿಯ ವಿಷಯ. ಅದು ಕೆಲಸ ಮಾಡುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವ ದಾರಿಯಲ್ಲೇ ಸಾಗುವುದರಿಂದ, ನಡುವೆ ಘಟ್ಟ ಅಡ್ಡ ನಿಂತಿರುವಾಗ ನಿಮ್ಮ ದನಿ ಶಿರಸಿಯನ್ನು ಮುಟ್ಟುವ ಭರವಸೆ ಇಲ್ಲ. ಅದೇ 7 ಮೆಗಾಹರ್ಟ್ಸ್ ಆದರೆ, ನೆಲದಿಂದ ಹೆಚ್ಚು ಎತ್ತರದಲ್ಲಿಲ್ಲದ ಆಂಟೆನಾ ತಂತಿಯಿಂದ ಅಲೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿ, ಅಯಾನುಗೋಳಕ್ಕೆ (ರೇಡಿಯೊ ಅಲೆಗಳನ್ನು ಮರಳಿಸುವ ವಾತಾವರಣದ ಮೇಲಿನ ಪದರಕ್ಕೆ) ತಾಗಿ, ಘಟ್ಟದ ಆಚೆ ಈಚೆ ಎರಡೂ ಕಡೆ ಇಳಿಯುತ್ತದೆ; ಹಗಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪರೀಕ್ಷೆಯ ತನಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ವೆಬ್‌ಎಸ್‌ಡಿಆರ್ ರಿಸೀವರುಗಳಲ್ಲಿ (ಬೇರೆಡೆ ಇಟ್ಟ ರಿಸೀವರನ್ನು ಬ್ರೌಸರಿನಲ್ಲೇ ಕೇಳಿಸುವ ತಾಣಗಳಲ್ಲಿ) 7.0–7.2 ಮೆಗಾಹರ್ಟ್ಸ್ ನಡುವೆ ಎಲ್‌ಎಸ್‌ಬಿ (ಹ್ಯಾಮ್‌ಗಳು ದನಿ ಕಳಿಸುವ ಎಸ್‌ಎಸ್‌ಬಿ ವಿಧಾನದ ಒಂದು ಬಗೆ) ಇಟ್ಟು ದಿನವೂ ಬೆಳಿಗ್ಗೆ ಕೇಳಿ. ನಾನು ಮೊದಲು ಅಜ್ಜನ ಹಳೆಯ ಶಾರ್ಟ್‌ವೇವ್ ರೇಡಿಯೊದಲ್ಲಿ ಕೇಳಹೋಗಿ, ಬಾತುಕೋಳಿ ಕೂಗಿದಂತಹ ಸದ್ದು ಕೇಳಿ ರೇಡಿಯೊವೇ ಕೆಟ್ಟಿದೆಯೆಂದು ಬಿಚ್ಚಿ ಕುಳಿತಿದ್ದೆ. ಅದಕ್ಕೆ ಎಸ್‌ಎಸ್‌ಬಿ ಬಿಡಿಸುವ ವ್ಯವಸ್ಥೆಯೇ ಇರಲಿಲ್ಲ.

ಉತ್ತರ (ಕುಮಟಾ):
ಮೇಲಿನವರು ಹೇಳಿದ್ದು ಸರಿ. ಕರಾವಳಿಯವನಾಗಿ ಒಂದು ಮಾತು ಸೇರಿಸುತ್ತೇನೆ: ಉಪ್ಪುಗಾಳಿ. ನಾನು ಮೊದಲ ಆಂಟೆನಾದ ಕೇಬಲ್ ತುದಿಯನ್ನು ಬರೀ ಇನ್ಸುಲೇಷನ್ ಟೇಪಿನಿಂದ ಸುತ್ತಿ ಬಿಟ್ಟಿದ್ದೆ. ಒಂದು ಮಳೆಗಾಲ ಕಳೆದು ಬಿಚ್ಚಿದರೆ ಒಳಗಿನ ತಾಮ್ರದ ಜಾಲರಿ ಹಸಿರುಗಟ್ಟಿ ಪುಡಿಯಾಗಿತ್ತು. ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನೇ ಬಳಸಿ. ಗುಡುಗು ಕೇಳುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.

ಪ್ರಶ್ನಿಸಿದವರು (ಕಾರವಾರ):
ಉಪಕಾರವಾಯಿತು. ಅಣ್ಣನ ತೋಟದಲ್ಲಿ ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಇದೆ. ಅದನ್ನೇ ಆಂಟೆನಾದ ಕಂಬವಾಗಿ ನಿಲ್ಲಿಸಬಹುದೇ?

ಉತ್ತರ (ಶಿರಸಿ):
ಕಾರ್ಬನ್ ಫೈಬರಿನದಾದರೆ ಬೇಡ. ಅದು ವಿದ್ಯುತ್ ಹರಿಸುವುದರಿಂದ ಆಂಟೆನಾ ಕೆಡುತ್ತದೆ, ವಿದ್ಯುತ್ ತಂತಿಯ ಹತ್ತಿರ ಜೀವಕ್ಕೂ ಅಪಾಯ. ಗಾಜಿನ ನಾರಿನದಾದರೆ ಅಡ್ಡಿಯಿಲ್ಲ. ಅದಕ್ಕಿಂತ, ಕೊನೆಗೌಡ (ಮರವೇರಿ ಅಡಿಕೆ ಗೊನೆ ಇಳಿಸುವವ) ಬಂದ ದಿನ ಎರಡು ಮರಗಳಿಗೆ ನೈಲಾನ್ ಹಗ್ಗ ಕಟ್ಟಿಸಿ, ನಡುವಿನಿಂದ ಒಂದೊಂದು ಬದಿಗೆ ಸುಮಾರು 10 ಮೀಟರಿನಂತೆ ಅಣ್ಣ ಆಂಟೆನಾ ತಂತಿ ಎಳೆದುಕೊಳ್ಳಲಿ. ಮರ ಗಾಳಿಗೆ ತೂಗುತ್ತದೆ, ಹಗ್ಗ ಸ್ವಲ್ಪ ಸಡಿಲವಿರಲಿ.